ಘಟಪ್ರಭೆಯ ದಂಡೆಯಲ್ಲಿ ಹವಳದ ಅಣಬೆ

ಮೂಡಲಗಿಯ ಕಡೆ ಶ್ರಾವಣದ ಮಳೆ ಸರಿಯಾಗಿ ಹಿಡಿದರೆ ಕಬ್ಬಿನ ಹೊಲದ ಬದುವಿನಿಂದ ಒಂದು ಕೆಟ್ಟ ನಾತ ಏಳುತ್ತದೆ. ಇಲಿ ಸತ್ತಿರಬೇಕೆಂದು ಜನ ರವದಿ ಕೆದರಿ ನೋಡುತ್ತಾರೆ. ಸಿಗುವುದು ಗೇಣುದ್ದದ ಕೆಂಪು ಕೊಳವೆ. ಅದರ ತುದಿಗೆ ಕಪ್ಪುಹಸಿರು ಲೋಳೆ, ಲೋಳೆಗೆ ಮುತ್ತಿದ ನೊಣ. ಫ್ಯಾಲಸ್ ರೂಬಿಕುಂಡಸ್ ಎಂಬ ಅಣಬೆ ಇದು. ಕೊಳೆತ ಮಾಂಸದ ವಾಸನೆ ಬೀರಿ ನೊಣಗಳನ್ನು ಕರೆಯುತ್ತದೆ. ನೊಣಗಳು ಲೋಳೆ ನೆಕ್ಕಿ ಹಾರಿದಾಗ ಅದರಲ್ಲಿದ್ದ ಬೀಜಕಗಳೂ ಅವುಗಳ ಜೊತೆ ಊರೂರು ತಿರುಗುತ್ತವೆ.

ನಾವು ಮೂಡಲಗಿಗೆ ಹೋಗಿದ್ದು ಹವಳದ ಅಣಬೆಯನ್ನು ಹುಡುಕಿಕೊಂಡು. ಸಮುದ್ರದ ಹವಳದಂತೆ ಕವಲೊಡೆದು ನೆಲದಿಂದ ಏಳುವ, ಕೊಡೆಯೂ ಇಲ್ಲದ, ಕೊಡೆಯ ಕೆಳಗಿನ ಪದರವೂ ಇಲ್ಲದ ಅಣಬೆ ಅದು. ಅದರಲ್ಲಿ ಎಲ್ಲಕ್ಕಿಂತ ದೊಡ್ಡ, ಚೆಂದದ ಕುಲ ರಮೇರಿಯಾ. ಜೊತೆಗಿದ್ದ ಗೆಳೆಯ ಬೆಳಗಾವಿಯಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾನೆ. ಕಬ್ಬಿನ ಸಾಲಿನಲ್ಲಿ ಮೂಗು ಮುಚ್ಚಿಕೊಂಡು ಕೂತು, ಆ ಕೆಂಪು ಕೊಳವೆಯನ್ನು ಕಡ್ಡಿಯಿಂದ ಎತ್ತಿ ತೋರಿಸಿ, "ಇದು ರಮೇರಿಯಾದ ದಾಯಾದಿ" ಎಂದ. ನಮ್ಮ ತಿರುಗಾಟ ಹಾಗೆ ಶುರುವಾಯಿತು.

ನೋಡಲು ಒಂದಕ್ಕೊಂದು ತಾಳೆಯೇ ಆಗದ ಇವು ದಾಯಾದಿಗಳೆಂದು ಕಣ್ಣಿನಿಂದ ಯಾರೂ ಹೇಳಲಾರರು. ಡಿಎನ್‌ಎ ಓದಲು ಕಲಿತ ಮೇಲೆ ಬಂದ ತಿಳಿವಳಿಕೆ ಇದು. ರಮೇರಿಯಾ ಗೋಂಫಾಲಿಸ್ ಗಣದ್ದು. ನಾತದ ಅಣಬೆ ಫ್ಯಾಲಾಲಿಸ್ ಗಣದ್ದು. ಒಣನೆಲದಲ್ಲಿ ನಕ್ಷತ್ರದಂತೆ ಬಿರಿದುಕೊಳ್ಳುವ ಭೂನಕ್ಷತ್ರದ ಅಣಬೆ ಜಿಯಾಸ್ಟ್ರಾಲಿಸ್ ಗಣದ್ದು. ಈ ಮೂರನ್ನೂ ಇನ್ನೊಂದು ಗಣದ ಜೊತೆ ಸೇರಿಸಿ 2006ರಲ್ಲಿ ಫ್ಯಾಲೊಮೈಸಿಟಿಡೀ ಎಂಬ ಒಂದೇ ಉಪವರ್ಗ ಮಾಡಿದರು. ಅದೇ ಹೊತ್ತಿಗೆ, ಹವಳದಂತೆಯೇ ಕವಲೊಡೆಯುವ ಎಷ್ಟೋ ಅಣಬೆಗಳು ರಮೇರಿಯಾಗೆ ಏನೂ ಆಗಬೇಕಿಲ್ಲ ಎಂಬುದೂ ಖಚಿತವಾಯಿತು. ಕ್ಲಾವೇರಿಯಾ ನಾವು ಪೇಟೆಯಲ್ಲಿ ಕೊಳ್ಳುವ ಬಟನ್ ಅಣಬೆಯ ಗಣದ್ದು. ಕ್ಲಾವುಲಿನಾ ಕ್ಯಾಂಥರೆಲಾಲಿಸ್ ಗಣದ್ದು. ಮರದ ಮೇಲೆ ಹಣತೆಗಳ ಗೊಂಚಲಿನಂತೆ ಕವಲೊಡೆಯುವ ಆರ್ಟೊಮೈಸಿಸ್ ಅಂತೂ ರಸ್ಸುಲಾಲಿಸ್‌ನದು. ಹವಳದ ರೂಪ ಅಣಬೆಗಳಲ್ಲಿ ಒಂದೇ ಸಲ ಹುಟ್ಟಿದ್ದಲ್ಲ, ಬೇರೆ ಬೇರೆ ವಂಶಗಳಲ್ಲಿ ಮತ್ತೆ ಮತ್ತೆ ಹುಟ್ಟಿದೆ. ಕಾರಣವೂ ತಿಳಿಯುವಂಥದ್ದೇ: ಬೀಜಕ ಹುಟ್ಟುವುದು ಕವಲುಗಳ ಮೈಮೇಲೆ, ಕವಲು ಹೆಚ್ಚಿದಷ್ಟೂ ಮೈ ಹೆಚ್ಚುತ್ತದೆ. ಕೊಡೆಯ ಕೆಳಗೆ ಪದರ ಕಟ್ಟುವ ಖರ್ಚಿಲ್ಲದೆ ಜಾಗ ಸಿಗುವ ದಾರಿ ಅದು.

ಮೂಡಲಗಿ ಈಚಿನವರೆಗೂ ಗೋಕಾಕ ತಾಲೂಕಿನಲ್ಲೇ ಇದ್ದ ಊರು. ಕಾಲುವೆಯ ನೀರು, ಎರೆಭೂಮಿ, ಕಬ್ಬು, ಗೊಂಜಾಳ. ನೇಗಿಲು ವರ್ಷವರ್ಷವೂ ಆಡುವ ನೆಲದಲ್ಲಿ ಹವಳದ ಅಣಬೆ ನಿಲ್ಲುವುದಿಲ್ಲ. ಅದರ ಎಳೆಗಳ ಬಲೆಗೆ ಕದಲದ ಮಣ್ಣು ಬೇಕು. ಹಾಗಿದ್ದೂ ಮೂಡಲಗಿ ತಾಲೂಕಿನ ಯಾದವಾಡದ ಕಡೆ ನಾನು ಗೆಳೆಯನನ್ನು ಹಟ ಮಾಡಿ ಕರೆದುಕೊಂಡು ಹೋದೆ, ಅಲ್ಲಿಯ ಸುಣ್ಣಕಲ್ಲು ನೋಡಬೇಕೆಂದು. ಸಿಮೆಂಟಿಗೆ ಹೋಗುವ ಈ ಕಲ್ಲು ಕಲಾದಗಿ ಶಿಲಾಸಮೂಹಕ್ಕೆ ಸೇರಿದ್ದು. ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯನ್ನೆಲ್ಲ ಸುತ್ತಿ 1876ರಲ್ಲಿ ದಕ್ಷಿಣ ಮರಾಠಾ ದೇಶದ ಭೂವಿಜ್ಞಾನದ ಕುರಿತು ಪ್ರಕಟಿಸಿದ ದೊಡ್ಡ ವರದಿಯಲ್ಲಿ ಕಲಾದಗಿಯ ಕಲ್ಲುಗಳ ವಿವರ ಇದೆ. ಸುಣ್ಣಕಲ್ಲು ಎಂದೊಡನೆ ಹವಳ, ಚಿಪ್ಪು ನೆನಪಾಗುವುದು ಸಹಜ. ಕಲಾದಗಿಯ ಸುಣ್ಣಕಲ್ಲಿನಲ್ಲಿ ಒಂದೇ ಒಂದು ಹವಳ ಇಲ್ಲ. ಅದು ನೂರು ಕೋಟಿ ವರ್ಷಕ್ಕೂ ಹಿಂದಿನದು, ಹವಳದ ಜೀವಿಗಳು ಹುಟ್ಟಲು ಆಗ ಇನ್ನೂ ಎಷ್ಟೋ ಕಾಲ ಇತ್ತು. ಆ ಕಲ್ಲುಗಳಲ್ಲಿ ಕಾಣುವುದು ಸ್ಟ್ರೊಮ್ಯಾಟೊಲೈಟ್, ಬರಿಗಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಪದರದ ಮೇಲೆ ಪದರ ಕಟ್ಟಿದ ಗುಮ್ಮಟಗಳು. ಕಲ್ಲಿನಲ್ಲಿ ಹವಳವಿಲ್ಲದ ಸೀಮೆಯಲ್ಲಿ ಹವಳದ ಅಣಬೆ ಹುಡುಕುತ್ತಿದ್ದೇವೆ ಎಂಬುದು ನನಗೆ ಒಳಗೊಳಗೇ ಹುಮ್ಮಸ್ಸು ಕೊಟ್ಟಿತು.

ಗೋಕಾಕಕ್ಕೆ ಬಂದರೆ ಕಲ್ಲು ಬದಲಾಗುತ್ತದೆ. ಘಟಪ್ರಭೆ 52 ಮೀಟರ್ ಧುಮುಕುವ ಜಾಗದಲ್ಲಿ ಮರಳುಗಲ್ಲಿನ ಬಂಡೆ ಹಾಳೆಹಾಳೆಯಾಗಿ ಎದ್ದು ಕಾಣುತ್ತದೆ. ಮಳೆಗಾಲದಲ್ಲಿ ಕೆಂಪು ನೀರು ಕುದುರೆಲಾಳದ ಆಕಾರದಲ್ಲಿ ಬೀಳುವುದನ್ನು ನೋಡಲು ಜನ ಸಾಲುಗಟ್ಟಿರುತ್ತಾರೆ. ನಾವು ತೂಗುಸೇತುವೆಯ ಹತ್ತಿರ ಹೆಚ್ಚು ಹೊತ್ತು ನಿಲ್ಲಲಿಲ್ಲ. ಜಲಪಾತದ ತುಂತುರು ಬೀಳುವ ಕಡೆ ಹಾವಸೆ ಚೆನ್ನಾಗಿದೆ, ಅಣಬೆಗೆ ಬೇಕಾದ ಎಲೆಗೊಬ್ಬರ ಇಲ್ಲ. ಯೋಗಿಕೊಳ್ಳದ ಗುಡ್ಡದ ಸಂದಿಗೆ ಇಳಿದೆವು.

ಅಲ್ಲಿ ಕವಳಿಕಂಟಿ, ಬಾರಿಕಂಟಿ, ಅಲ್ಲಲ್ಲಿ ಬಿದಿರು. ಹಳ್ಳದ ದಂಡೆಗೆ ಮಾತ್ರ ನೇರಲ, ಅತ್ತಿಯ ನೆರಳು. ಕುರಿ ಬಿಟ್ಟುಕೊಂಡು ಬಂಡೆಯ ಮೇಲೆ ಕೂತಿದ್ದ ಅಜ್ಜ ನಾವು ನೆಲ ನೋಡುತ್ತ ಅಡ್ಡಾಡುವುದನ್ನು ಬಹಳ ಹೊತ್ತು ಗಮನಿಸಿ ಕರೆದ:

"ಏನ್ ಹುಡುಕಾಕತ್ತೀರಿ ಸಾಹೇಬ್ರ, ಏನರ ಕಳಕೊಂಡೀರೇನು?"

"ಇಲ್ರೀ ಅಜ್ಜಾರ, ಅಣಬಿ ನೋಡಾಕ ಬಂದೀವ್ರಿ."

"ಅಣಬಿ ಹುತ್ತದ ಬಾಜೂಕ ಏಳತಾವ. ಗುಡುಗು ಆದ ಮರುದಿನ ಮುಂಜಾನಿ ಬರಬೇಕು. ಈ ಕಲ್ಲಾಗ ಏನ್ ಸಿಗತೈತ್ರೀ?"

ಅಜ್ಜ ಹೇಳಿದ್ದು ತಿನ್ನುವ ಅಣಬೆಯ ಮಾತು, ಗೆದ್ದಲು ತನ್ನ ಗೂಡಿನಲ್ಲಿ ಬೇಸಾಯ ಮಾಡುವ ಟರ್ಮಿಟೊಮೈಸಿಸ್. ಊಟಕ್ಕೆ ಬರುವ ಅಣಬೆಯ ಜಾಗ, ಹೊತ್ತು, ಗುರುತು ಇವರಿಗೆ ಅಂಗೈಯ ಗೆರೆಯಷ್ಟು ಸ್ಪಷ್ಟ. ಗೆಳೆಯ ಚೀಲದಿಂದ ಹವಳದ ಅಣಬೆಯ ಚಿತ್ರ ತೆಗೆದು ತೋರಿಸಿದ. ಅಜ್ಜ ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ ಕೇಳಿದ ಪ್ರಶ್ನೆ ನನಗೆ ಇವತ್ತಿಗೂ ಬಹಳ ದೊಡ್ಡದಾಗಿ ಕಾಣುತ್ತದೆ: "ಇದನ್ನ ಕುರಿ ತಿಂದ್ರ ಏನೂ ಆಗಂಗಿಲ್ಲಲ್ರೀ?"

ಆಗುತ್ತದೆ. ಎಲ್ಲ ರಮೇರಿಯಾದಿಂದಲೂ ಅಲ್ಲ. ರಮೇರಿಯಾ ಬೊಟ್ರೈಟಿಸ್ ಎಂಬುದು ದಪ್ಪ ಬಿಳಿ ಬುಡಕ್ಕೆ ಗುಲಾಬಿ ತುದಿಗಳ ಗುಚ್ಛ ಹೊತ್ತು ಏಳುವ ಅಣಬೆ, ಅದನ್ನು ಜನ ತಿನ್ನುತ್ತಾರೆ. ಚೀನಾದ ಯುನ್ನಾನ್‌ನಲ್ಲಿ, ಮೆಕ್ಸಿಕೊದಲ್ಲಿ ಈ ಕುಲದ ಅಣಬೆಗಳು ಬುಟ್ಟಿ ತುಂಬಿ ಸಂತೆಗೆ ಬರುತ್ತವೆ. ಅದೇ ಕುಲದ ರಮೇರಿಯಾ ಫೊರ್ಮೋಸಾ, ಅಂದರೆ ಹವಳಗೆಂಪು ಮೈ, ಹಳದಿ ತುದಿಯ ಬಲು ಚೆಂದದ ಪ್ರಭೇದ, ತಿಂದವರಿಗೆ ವಾಂತಿ ಭೇದಿ ಹಚ್ಚುತ್ತದೆ. ದನಗಳ ಕಥೆ ಇನ್ನೂ ಘೋರ. ಬ್ರೆಜಿಲಿನ ದಕ್ಷಿಣ ಭಾಗ, ಉರುಗ್ವೆ, ಅರ್ಜೆಂಟೀನಾಗಳಲ್ಲಿ ನೀಲಗಿರಿ ತೋಪಿನಲ್ಲಿ ಮೇಯುವ ದನಗಳಿಗೆ ಒಂದು ವಿಚಿತ್ರ ರೋಗ ಬರುತ್ತಿತ್ತು. ಬಾಯಲ್ಲಿ ಜೊಲ್ಲು ಸುರಿಯುತ್ತದೆ. ನಾಲಗೆಯ ಮೇಲಿನ ಒರಟು ಮಾಯವಾಗಿ ನುಣ್ಣಗಾಗುತ್ತದೆ. ಬಾಲದ ತುದಿಯ ಕೂದಲು ಮುಟ್ಟಿದರೆ ಕೈಗೆ ಬರುತ್ತದೆ. ಕೊಂಬಿನ ಬುಡ ಸಡಿಲಾಗುತ್ತದೆ, ರೋಗ ಜೋರಾದರೆ ಗೊರಸೇ ಕಳಚುತ್ತದೆ. ಕಾರಣ, ನೀಲಗಿರಿಯ ಬುಡದಲ್ಲಿ ಶರತ್ಕಾಲದ ಮಳೆಗೆ ಏಳುವ ರಮೇರಿಯಾ ಫ್ಲೇವೊಬ್ರುನೆಸೆನ್ಸ್. ಕೂದಲು, ಕೊಂಬು, ಗೊರಸು, ನಾಲಗೆಯ ಹೊರಪದರ ಎಲ್ಲವೂ ಕೆರಾಟಿನ್ ಎಂಬ ಪ್ರೋಟೀನಿನ ಕೆಲಸ. ಆ ಕೆರಾಟಿನ್ ಗಟ್ಟಿಯಾಗುವ ಕ್ರಮವನ್ನೇ ಈ ಅಣಬೆ ಕೆಡಿಸುತ್ತದೆ. ಬುಡಕ್ಕೆ ತಗುಲಿದ ತೊಂದರೆ ಬಾಲದಲ್ಲೂ ಕಾಲಲ್ಲೂ ಒಟ್ಟಿಗೆ ಕಾಣುವುದು ಅದಕ್ಕೇ.

ಅಜ್ಜನಿಗೆ ಇದನ್ನು ತಿಳಿಯುವಂತೆ ಹೇಳಿದೆವು. ಕೂದಲು ಮತ್ತು ಗೊರಸಿನ ಮಾತು ಬಂದಾಗ ಅಜ್ಜ ಕೂತಲ್ಲಿಂದ ಎದ್ದು ಬಂದ. ನಮ್ಮಲ್ಲೂ ನೀಲಗಿರಿ ತೋಪುಗಳಿವೆ, ದನಕರು ಅಲ್ಲಿ ಮೇಯುತ್ತವೆ. ಅಣಬೆಯ ವರ್ಗೀಕರಣ ಎಂಬುದು ಪ್ರಯೋಗಶಾಲೆಯವರ ಹವ್ಯಾಸ ಎಂದು ತಿಳಿದವರು ಈ ಪ್ರಶ್ನೆಯ ಎದುರು ಒಂದು ನಿಮಿಷ ನಿಲ್ಲಬೇಕು. ಒಂದೇ ಕುಲದ ಒಂದು ಪ್ರಭೇದ ಸಂತೆಯ ಬುಟ್ಟಿಯಲ್ಲಿ, ಇನ್ನೊಂದು ಗೊರಸು ಉದುರಿಸುವ ಕೆಲಸದಲ್ಲಿ. ಹೆಸರು ಸರಿ ಇಡುವುದರ ಮೇಲೆ ಒಬ್ಬ ಬಡವನ ಎತ್ತಿನ ಬದುಕು ನಿಂತಿರುತ್ತದೆ.

ಯೋಗಿಕೊಳ್ಳದಲ್ಲಿ ಬಿದಿರಿನ ಬುಡದ ತೇವದಲ್ಲಿ ಒಂದು ಹವಳದ ಅಣಬೆ ಸಿಕ್ಕಿತು. ಬೆರಳುದ್ದ, ಹಾಲುಬಿಳಿ, ಕವಲು ಸಣ್ಣ, ಮುಟ್ಟಿದರೆ ಮುರಿಯುವಷ್ಟು ಮೆದು. ನನಗೆ ಸಂತೋಷ ತಡೆಯಲಿಲ್ಲ. ಗೆಳೆಯ ಒಂದು ಕವಲು ಮುರಿದು ಗಾಜಿನ ಚೂರಿನ ಮೇಲೆ ಮಲಗಿಸಿ, ಮೇಲೆ ಬಟ್ಟಲು ಬೋರಲು ಹಾಕಿ ಇಟ್ಟ. ವಸತಿಗೃಹದಲ್ಲಿ ಮಾರನೆಯ ಮುಂಜಾನೆ ಬಟ್ಟಲು ಎತ್ತಿದಾಗ ಗಾಜಿನ ಮೇಲೆ ಬೀಜಕದ ಅಚ್ಚು ಬಿದ್ದಿತ್ತು. ಬಣ್ಣ ಬಿಳಿ. ಅಲ್ಲಿಗೆ ಮಾತು ಮುಗಿಯಿತು: ರಮೇರಿಯಾದ ಬೀಜಕದ ಪುಡಿ ಹಳದಿಯಿಂದ ಗೋಪಿಚಂದನದ ಬಣ್ಣದವರೆಗೆ ಇರುತ್ತದೆ, ಬಿಳಿ ಇರುವುದಿಲ್ಲ. ಇದು ಕ್ಲಾವೇರಿಯಾದ ಕಡೆಯದಿರಬೇಕು. ಗೋಕಾಕದ ಕುಶಲಕರ್ಮಿಗಳು ಕಟ್ಟಿಗೆ ಕೆತ್ತಿ ಬಣ್ಣ ಬಳಿದು ಮಾಡುವ ಬಾಳೆಹಣ್ಣು, ಮಾವಿನಹಣ್ಣುಗಳನ್ನು ಅಂಗಡಿಯಲ್ಲಿ ಕೈಗೆ ತೆಗೆದುಕೊಂಡು ನೋಡಿದ್ದೆ. ಹೊರಗಿನಿಂದ ಹಣ್ಣೇ, ಒಳಗಿನ ನಾರು ಬೇರೆ. ಈ ಬಿಳಿ ಹವಳವೂ ಹಾಗೇ.

ಹಿಂದೆ ಇವೆಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದ್ದರು. ಲಿನಿಯಸ್ 1753ರಲ್ಲಿ ಕ್ಲಾವೇರಿಯಾ ಎಂಬ ಹೆಸರಿನ ಕೆಳಗೆ ಕೋಲಿನಂಥವನ್ನೂ ಕವಲಿನಂಥವನ್ನೂ ಇಟ್ಟ. ಸ್ವೀಡನ್ನಿನ ಫ್ರೈಸ್ ಕವಲಿನವನ್ನು ಒಳಗಿನ ಒಂದು ಗುಂಪಾಗಿ ಗುರುತಿಸಿದ. ಜರ್ಮನಿಯ ಬೊನೊರ್ಡೆನ್ 1851ರಲ್ಲಿ ರಮೇರಿಯಾವನ್ನು ಸ್ವತಂತ್ರ ಕುಲ ಮಾಡಿದ. ಆದರೂ ಗೊಂದಲ ತೀರಲಿಲ್ಲ, ಏಕೆಂದರೆ ಎಲ್ಲರೂ ಕಣ್ಣಿಗೆ ಕಾಣುವ ಬಣ್ಣ, ಆಕಾರಗಳನ್ನೇ ನಂಬಿದ್ದರು. ರಮೇರಿಯಾದ ಬಣ್ಣವೆಂದರೆ ನಂಬಲು ಬಾರದ್ದು. ಎಳೆಯದರಲ್ಲಿ ಕಿತ್ತಳೆಯಾಗಿದ್ದದ್ದು ಮಳೆಗೆ ನೆಂದು ಮಾಸಿ, ಬಲಿತು ಬೀಜಕದ ಪುಡಿ ಹೊದ್ದು ಕಂದಾಗುತ್ತದೆ. ಒಂದೇ ಅಣಬೆಗೆ ಮೂರು ವಯಸ್ಸಿನಲ್ಲಿ ಮೂರು ಹೆಸರು ಬಿದ್ದರೆ ಆಶ್ಚರ್ಯವಿಲ್ಲ.

ಒಳಗೆ ಇಣುಕುವುದನ್ನು ಕಲಿಸಿದವನು ಇ. ಜೆ. ಎಚ್. ಕಾರ್ನರ್. ಸಿಂಗಪುರದ ಸಸ್ಯೋದ್ಯಾನದಲ್ಲಿ ಕೆಲಸ ಮಾಡಿದ ಆತ ಮಲಯದ ಕಾಡುಗಳ ಅಣಬೆಗಳನ್ನು ಜೀವಂತ ಇರುವಾಗಲೇ ಸೀಳಿ, ಅವುಗಳ ಎಳೆಗಳು ಹೇಗೆ ನೇಯ್ದುಕೊಂಡಿವೆ ಎಂದು ನೋಡಿದ. ಒಂದೇ ಬಗೆಯ ಎಳೆಯೋ, ತೆಳು ಮತ್ತು ದಪ್ಪ ಎಂದು ಎರಡು ಬಗೆಯೋ ಎಂಬ ಆತನ ಲೆಕ್ಕ ಇವತ್ತಿಗೂ ಅಣಬೆಶಾಸ್ತ್ರದ ತಳಪಾಯ. ಕ್ಲಾವೇರಿಯಾ ಮತ್ತು ಅದರ ಸಂಬಂಧಿಗಳ ಮೇಲೆ ಆತನ ದೊಡ್ಡ ಗ್ರಂಥ ಬಂದದ್ದು 1950ರಲ್ಲಿ. ನಮ್ಮ ದೇಶದಲ್ಲಿ ಪಂಜಾಬ್ ವಿಶ್ವವಿದ್ಯಾಲಯದ ಕೆ. ಎಸ್. ಥಿಂಡ್ ಮಸ್ಸೂರಿಯ ಬೆಟ್ಟಗಳಲ್ಲಿ ಶಿಷ್ಯರೊಂದಿಗೆ ಅಲೆದು ಹವಳದ ಅಣಬೆಗಳನ್ನು ಒಂದೊಂದಾಗಿ ವಿವರಿಸಿದರು. ಭಾರತದ ಕ್ಲಾವೇರಿಯೇಸಿಯ ಕುರಿತ ಅವರ ಪುಸ್ತಕ 1961ರಲ್ಲಿ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನಿಂದ ಬಂತು. ನಮ್ಮವರ ಈ ದುಡಿಮೆಯ ಬಗ್ಗೆ ಕನ್ನಡದಲ್ಲಿ ಇನ್ನಷ್ಟು ಬರೆಯಬೇಕು ಎಂದು ನನ್ನ ಆಸೆ.

ಮಸ್ಸೂರಿಯಲ್ಲಿ ಅಷ್ಟು ಸಿಕ್ಕದ್ದು ಯೋಗಿಕೊಳ್ಳದಲ್ಲಿ ಏಕಿಲ್ಲ? ಮಳೆ ಒಂದು ಕಾರಣ. ಗೋಕಾಕಕ್ಕೆ ವರ್ಷಕ್ಕೆ ಬೀಳುವುದು 600 ಮಿಲಿಮೀಟರಿನ ಆಸುಪಾಸು. ಇದೇ ಜಿಲ್ಲೆಯ ಕಣಕುಂಬಿಯಲ್ಲಿ ಅದು ಸಾವಿರಗಳ ಲೆಕ್ಕ. ಮಳೆಗಿಂತ ದೊಡ್ಡ ಕಾರಣ ಮರ. ದೊಡ್ಡ, ಬಣ್ಣದ ರಮೇರಿಯಾಗಳು ಮರದ ಬೇರಿನ ತುದಿಗೆ ಎಳೆಗಳ ಕುಲಾವಿ ತೊಡಿಸಿ ಬದುಕುತ್ತವೆ. ಮಣ್ಣಿನಿಂದ ರಂಜಕ, ನೀರು ಹೀರಿ ಮರಕ್ಕೆ ಕೊಟ್ಟು, ಮರ ಎಲೆಯಲ್ಲಿ ಮಾಡಿದ ಸಕ್ಕರೆ ಪಡೆಯುತ್ತವೆ. ಹಿಮಾಲಯದ ಓಕ್, ದಕ್ಷಿಣದ ಧೂಪ, ಹೈಗ, ಬೋಗಿಯಂಥ ಮರಗಳು ಮಾತ್ರ ಈ ಒಪ್ಪಂದಕ್ಕೆ ಬರುವಂಥವು. ಕೊಡಗಿನ ಉಪ್ಪಂಗಳದ ಕಾಡಿನಲ್ಲಿ ಇಂಥ ಬೇರಿನ ಅಣಬೆಗಳ ಅಧ್ಯಯನ 2005ರಲ್ಲಿ ಪ್ರಕಟವಾಗಿದೆ. ಗೋಕಾಕದ ಜಾಲಿ, ಬಿದಿರು, ಸಾಗವಾನಿಗಳ ಬೇರಿನಲ್ಲಿ ಇರುವುದು ಬೇರೊಂದು ಬಗೆಯ ಶಿಲೀಂಧ್ರ. ಅದು ಬೇರಿನ ಕೋಶದೊಳಕ್ಕೂ ನುಗ್ಗುತ್ತದೆ, ಆದರೆ ನೆಲದ ಮೇಲೆ ಅಣಬೆಯಾಗಿ ಏಳುವುದೇ ಇಲ್ಲ. ಆದ್ದರಿಂದ ಈ ಸೀಮೆಯಲ್ಲಿ ರಮೇರಿಯಾದ ಬಳಗದವರು ಯಾರಾದರೂ ಇದ್ದರೆ ಅವರು ಬೇರನ್ನು ನೆಚ್ಚದೆ, ಕೊಳೆಯುವ ಎಲೆ, ಕಡ್ಡಿಯಲ್ಲೇ ಬದುಕುವ ಸಣ್ಣವರಾಗಿರಬೇಕು.

ಈ ತರ್ಕ ಹಿಡಿದೇ ಹುಕ್ಕೇರಿ ತಾಲೂಕಿಗೆ ಹೊರಟೆವು. ಗೋಕಾಕದಲ್ಲಿ ದಾರಿಗೆಂದು ಕಟ್ಟಿಸಿಕೊಂಡ ಕರದಂಟು, ಹುಕ್ಕೇರಿಯ ಗುಮ್ಮಟಗಳ ನೆರಳಲ್ಲಿ ಒಂದು ಚಹಾ, ಆಮೇಲೆ ಹಿಡಕಲ್ ಜಲಾಶಯ. ರಾಜಾ ಲಖಮಗೌಡರ ಹೆಸರಿನ ಈ ಅಣೆಕಟ್ಟು 51 ಟಿಎಂಸಿ ನೀರು ಹಿಡಿಯುತ್ತದೆ. ಅದರ ಹಿನ್ನೀರಿನಿಂದ ಪಶ್ಚಿಮಕ್ಕೆ ಹೋದಷ್ಟೂ ಗಾಳಿಗೆ ತಂಪು ಏರುತ್ತದೆ, ಹಸಿರು ದಟ್ಟವಾಗುತ್ತದೆ. ಘಟಪ್ರಭೆ ಸಹ್ಯಾದ್ರಿಯಿಂದ ಇಳಿದು ಬರುವ ದಿಕ್ಕು ಅದು. ಹಿನ್ನೀರಿನ ಅಂಚಿನ ಗುಡ್ಡದಲ್ಲಿ ಮತ್ತಿ, ನೇರಲ, ಕೆಳಗೆ ಕೆಲವು ವರ್ಷಗಳ ಎಲೆ ಹಾಸಿದ ಒಂದು ಕೊರಕಲು. ಸೌದೆಗೆ ಬಂದ ಹೆಣ್ಣುಮಗಳೊಬ್ಬಳು, "ಅಲ್ಲಿ ಕೆಳಗ ಹೋಗಬ್ಯಾಡ್ರಿ ಅಣ್ಣಾರ, ಜಾರತೈತಿ" ಎಂದು ಎಚ್ಚರಿಸಿ, ನಾವು ಕೇಳದಿದ್ದಾಗ ತಾನೇ ಮುಂದಾಗಿ ಕಾಲಿಡುವ ಜಾಗ ತೋರಿಸಿದಳು. ಎಲೆಗಳ ನಡುವೆ ಏನೋ ಇದೆ ಎಂದು ಮೊದಲು ಬಗ್ಗಿದವಳೂ ಅವಳೇ.

ಅದು ಎರಡು ಬೆರಳೆತ್ತರ. ಬುಡದಿಂದಲೇ ಕವಲು, ಕವಲಿಗೆ ಮತ್ತೆ ಕವಲು, ಪ್ರತಿ ಕವಲೂ ಎರಡಾಗಿ ಒಡೆದು ಮೇಲಕ್ಕೆ ನೆಟ್ಟಗೆ. ಬಣ್ಣ ಹಣ್ಣಾದ ಎಲೆಯ ಹಳದಿಗಂದು, ಹಾಗಾಗಿ ಎಲೆಯ ನಡುವೆ ಕಂಡೂ ಕಾಣದು. ಗೆಳೆಯ ಅದನ್ನು ಎಳೆಯಲಿಲ್ಲ, ಸುತ್ತಲಿನ ಎಲೆಹಾಸನ್ನೇ ಚಾಕುವಿನಿಂದ ಕತ್ತರಿಸಿ ರೊಟ್ಟಿಯಗಲ ಎತ್ತಿದ. ತಿರುವಿದರೆ ಅಡಿಯಲ್ಲಿ ಬಿಳಿ ದಾರಗಳು ಹತ್ತಾರು ಎಲೆಗಳನ್ನು ಒಂದಕ್ಕೊಂದು ಹೊಲಿದಿದ್ದವು. ಮರದ ಬೇರಿಗೆ ಅಂಟಿರಲಿಲ್ಲ, ಎಲೆಯನ್ನೇ ಉಣ್ಣುತ್ತಿತ್ತು. ಕವಲಿನ ಬುಡವನ್ನು ಉಗುರಿನಿಂದ ಒತ್ತಿದಾಗ ಒತ್ತಿದ ಜಾಗ ನಿಧಾನಕ್ಕೆ ಹಸಿರಾಯಿತು. ಕಬ್ಬಿಣದ ಲವಣದ ಹನಿ ಬಿದ್ದಲ್ಲಿ ಹಸಿರು ಇನ್ನೂ ಗಾಢವಾಯಿತು. ರಾತ್ರಿ ಗಾಜಿನ ಮೇಲೆ ಬಿದ್ದ ಬೀಜಕದ ಅಚ್ಚು ಗೋಪಿಚಂದನದ ಬಣ್ಣದ್ದು. ಬೆಳಗಾವಿಗೆ ಹೋಗಿ ಸೂಕ್ಷ್ಮದರ್ಶಕದಲ್ಲಿ ಹಾಕಿದಾಗ, ನೀಲಿ ಬಣ್ಣ ಹೀರಿದ ಬೀಜಕಗಳ ಮೈಮೇಲೆಲ್ಲ ಸಣ್ಣ ಮುಳ್ಳು.

ರಮೇರಿಯಾದ ನಾಲ್ಕು ಉಪಕುಲಗಳನ್ನು ಬೇರೆ ಮಾಡುವುದು ಮುಖ್ಯವಾಗಿ ಇಂಥ ಗುರುತುಗಳೇ. ಬೊಟ್ರೈಟಿಸ್ ಇರುವ ಮೂಲ ಉಪಕುಲದಲ್ಲಿ ಬೀಜಕಕ್ಕೆ ಗೆರೆಗಳು. ಲೇಟಿಕೊಲೊರಾದಲ್ಲಿ ಕಡುಬಣ್ಣದ ದೊಡ್ಡ ಅಣಬೆ, ಬೀಜಕಕ್ಕೆ ಬೊಕ್ಕೆ. ಲೆಂಟೊರಮೇರಿಯಾದವು ಕಟ್ಟಿಗೆಯ ಮೇಲೆ ಏಳುವ ಗಡಸು ಮೈಯವು. ಎಕೈನೊರಮೇರಿಯಾದವು ಸಣ್ಣವು, ಎಲೆಹಾಸಿನಲ್ಲಿ ಬದುಕುವವು, ಮುಳ್ಳುಬೀಜಕದವು, ಅವುಗಳಲ್ಲಿ ಹಲವು ಒತ್ತಿದರೆ ಹಸಿರಾಗುವವು. ಹಿನ್ನೀರಿನ ಅಣಬೆ ಈ ಕೊನೆಯ ಗುಂಪಿನದೇ. ಆದರೆ ಈ ಗುಂಪನ್ನು ಇಂದು ರಮೇರಿಯಾ ಎನ್ನುವಂತಿಲ್ಲ. ಡಿಎನ್‌ಎ ನೋಡಿದಾಗ ರಮೇರಿಯಾ ಒಂದೇ ವಂಶದ ಕುಲವಲ್ಲ ಎಂದು ಗೊತ್ತಾಗಿ, 2011ರಲ್ಲಿ ಗಿಯಾಕಿನಿ ಮತ್ತು ಕಾಸ್ಟೆಲಾನೊ ಮುಳ್ಳುಬೀಜಕದವರನ್ನು ಫಿಯೊಕ್ಲಾವುಲಿನಾ ಎಂಬ ಹಳೆಯ ಹೆಸರಿನಡಿ ಬೇರೆ ಮಾಡಿದರು. ಆ ಹೆಸರು 1897ರದ್ದು, ಶತಮಾನದಾಚೆ ಮತ್ತೆ ಬಳಕೆಗೆ ಬಂತು.

ಗೆಳೆಯ ಅಣಬೆಯನ್ನು ಒಣಗಿಸಿ ಕಾಗದದ ಪೊಟ್ಟಣದಲ್ಲಿ ಹಾಕಿ, ಮೇಲೆ ಕುಲದ ಹೆಸರಷ್ಟೇ ಬರೆದ. ಪ್ರಭೇದ ಹೇಳಲು ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆಯ ಅಜರೇಕರ್ ಶಿಲೀಂಧ್ರಾಲಯದಂಥ ಕಡೆ ಇರುವ ಹಳೆಯ ಮಾದರಿಗಳೊಂದಿಗೆ ಹೋಲಿಸಬೇಕು. ಒಣಗಿದ ಮೇಲೆ ಬೀಜಕದ ಮುಳ್ಳು ಉಳಿಯುತ್ತದೆ, ಎಳೆಗಳ ನೇಯ್ಗೆ ಉಳಿಯುತ್ತದೆ. ಬಣ್ಣ, ವಾಸನೆ, ಒತ್ತಿದರೆ ಬರುವ ಹಸಿರು ಉಳಿಯುವುದಿಲ್ಲ. ಅವನ್ನು ಅಣಬೆ ತಾಜಾ ಇರುವಾಗ, ಸಿಕ್ಕ ಜಾಗದಲ್ಲೇ ಬರೆದಿಡಬೇಕು. ಎಳೆಯದು ಯಾವ ಬಣ್ಣ, ಬಲಿತದ್ದು ಯಾವ ಬಣ್ಣ, ಎದ್ದದ್ದು ಎಲೆಯಲ್ಲೋ ಕಟ್ಟಿಗೆಯಲ್ಲೋ ಮಣ್ಣಲ್ಲೋ, ಹತ್ತಿರ ಯಾವ ಮರ, ದನ ಮೇಯುವ ಜಾಗವೋ ಅಲ್ಲವೋ. ಈ ಮೂರು ತಾಲೂಕುಗಳ ಶಾಲೆ ಕಾಲೇಜಿನ ಮಕ್ಕಳು ಒಂದು ನೋಟುಬುಕ್ಕು, ಒಂದು ಗಾಜಿನ ಚೂರು ಹಿಡಿದು ಗುಡ್ಡ ಹತ್ತಿದರೆ ಇಷ್ಟನ್ನೂ ಮಾಡಬಲ್ಲರು. ಆ ದಿನ ಹಿನ್ನೀರಿನ ಕೊರಕಲಿನಲ್ಲೇ ಇದನ್ನೆಲ್ಲ ಬರೆದುಕೊಳ್ಳುತ್ತ ಮರದ ಹೆಸರಿನ ಸಾಲಿಗೆ ಬಂದಾಗ ನಾವಿಬ್ಬರೂ ಚರ್ಚೆಗೆ ಇಳಿದಿದ್ದೆವು. ಸೌದೆಯ ಹೊರೆ ಇಳಿಸಿ ನಿಂತಿದ್ದ ಆ ಹೆಣ್ಣುಮಗಳು ತೊಗಟೆ ನೋಡಿ, "ಮತ್ತಿರೀ ಅಣ್ಣಾರ, ಬರೀರಿ" ಎಂದಳು. ಬರೆದುಕೊಂಡೆವು.